ಯಾಟ್ ಬಾಡಿಗೆ ಎಷ್ಟು ಅಂತ ಕೇಳಿದವರಿಗೆ ನಾನು ಮೊದಲು ಹೇಳುವ ವಿಷಯಗಳು

ಫೋನ್ ಮಾಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ವಾರಕ್ಕೆ ಎಷ್ಟಾಗುತ್ತೆ?"

ನಾನು ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಯಲ್ಲಿದ್ದೇನೆ. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಅಂದರೆ ಕಾನ್, ಆಂಟೀಬ್, ನೀಸ್, ಮೊನಾಕೊ, ಸೇಂಟ್ ಟ್ರೋಪೇ ಕಡೆ, ದುಡ್ಡಿರುವವರಿಗೆ ಯಾಟ್, ಅಂದರೆ ಸಿಬ್ಬಂದಿ ಸಮೇತ ಬರುವ ಐಷಾರಾಮಿ ಬೋಟ್, ಗೊತ್ತುಮಾಡಿ ಕೊಡುವುದು ನನ್ನ ಕೆಲಸ. ಬೋಟ್ ಹುಡುಕುವವರು ಅಲ್ಲಿನ ಬ್ರೋಕರ್‌ಗಳು. ಇಲ್ಲಿ ಗಿರಾಕಿಗಳ ಮನೆಯವರ ಜತೆ ಮಾತಾಡಿ, ಯಾರಿಗೆ ಏನು ಬೇಕು ಅಂತ ತಿಳಿದುಕೊಂಡು, ಸೀಸನ್ನಿನಲ್ಲಿ ಆಂಟೀಬ್‌ಗೆ ಹೋಗಿ ನಿಂತು ಎಲ್ಲರನ್ನೂ ಹತ್ತಿಸಿ ಕಳಿಸುವುದು ನನ್ನ ಪಾಲು. ಈ ಕೆಲಸದಲ್ಲಿ ಜಗಳ ಬರುವುದು ಬೋಟ್ ಚೆನ್ನಾಗಿಲ್ಲ ಅಂತ ಅಲ್ಲ. ಬೋಟ್‌ಗಳು ಚೆನ್ನಾಗೇ ಇರುತ್ತವೆ. ಜಗಳ ಬರುವುದು "ಇದನ್ನ ಮೊದಲೇ ಯಾಕೆ ಹೇಳಲಿಲ್ಲ" ಅನ್ನುವುದರಿಂದ. ಹಾಗಾಗಿ ಕಿರಿಕಿರಿಯ ವಿಷಯಗಳನ್ನೆಲ್ಲ ನಾನು ಮೊದಲ ಫೋನಿನಲ್ಲೇ ಹೇಳಿಬಿಡುತ್ತೇನೆ. ಕೆಲವರು ಅಲ್ಲೇ ಫೋನ್ ಇಡುತ್ತಾರೆ. ಇಡಲಿ ಬಿಡಿ.

ಮೊದಲು ದುಡ್ಡು. ವೆಬ್‌ಸೈಟಿನಲ್ಲಿ ವಾರಕ್ಕೆ 1 ಲಕ್ಷ ಯೂರೋ ಅಂತ ಇದೆ ಅಂದುಕೊಳ್ಳಿ. ಅದು ಬೋಟ್ ಮತ್ತು ಸಿಬ್ಬಂದಿಯ ಬಾಡಿಗೆ ಮಾತ್ರ. ಡೀಸೆಲ್, ಊಟ, ಕುಡಿಯುವುದು, ಬಂದರಿನ ಬಾಡಿಗೆ ಇವಕ್ಕೆಲ್ಲ ಬೇರೆ ಮುಂಗಡ ಕಟ್ಟಬೇಕು. ಅದಕ್ಕೆ ಎಲ್ಲರೂ ಎಪಿಎ ಅನ್ನುತ್ತಾರೆ. ಮೋಟಾರ್ ಯಾಟ್ ಆದರೆ ಬಾಡಿಗೆಯ ಶೇ 30ರ ಆಸುಪಾಸು, ಅಂದರೆ 30 ಸಾವಿರ. ಫ್ರಾನ್ಸಿನ ತೆರಿಗೆ ಶೇ 20, ಅಲ್ಲಿಗೆ ಇನ್ನೊಂದು 20 ಸಾವಿರ. ಕೊನೆಗೆ ಸಿಬ್ಬಂದಿಗೆ ಟಿಪ್ಸ್. ಕಡ್ಡಾಯವಲ್ಲ, ಆದರೆ ಶೇ 5ರಿಂದ 15ರವರೆಗೆ ಕೊಡುವುದು ಅಲ್ಲಿನ ರೂಢಿ. 10 ಅಂತ ಹಿಡಿಯಿರಿ. ಒಟ್ಟು 1 ಲಕ್ಷದ 60 ಸಾವಿರ ಆಯಿತು. ನಾನು ಯಾವಾಗಲೂ ಈ ಕೊನೆಯ ಸಂಖ್ಯೆಯನ್ನೇ ಮೊದಲು ಹೇಳುವುದು. ಬೇರೆ ಏಜೆಂಟ್ 1 ಲಕ್ಷ ಅಂದಿರುತ್ತಾನೆ, ಇವರು ನನ್ನನ್ನು ಕಳ್ಳನ ಹಾಗೆ ನೋಡುತ್ತಾರೆ, ಎರಡು ದಿನ ಬಿಟ್ಟು ಅವರೇ ವಾಪಸ್ ಫೋನ್ ಮಾಡುತ್ತಾರೆ.

ಎಪಿಎ ಅಂದರೆ ಏಜೆಂಟ್ ನುಂಗುವ ದುಡ್ಡು ಅಂತ ಬಹಳ ಜನರಿಗೆ ಅನುಮಾನ. ಹಾಗಲ್ಲ. ಆ ದುಡ್ಡು ಕ್ಯಾಪ್ಟನ್ ಕೈಯಲ್ಲಿರುತ್ತದೆ, ಅವರು ಬಿಲ್ ಸಮೇತ ಲೆಕ್ಕ ಇಡುತ್ತಾರೆ, ಉಳಿದರೆ ವಾಪಸ್ ಕೊಡುತ್ತಾರೆ, ಸಾಲದಿದ್ದರೆ ಮಧ್ಯದಲ್ಲೇ ಇನ್ನಷ್ಟು ಕೇಳುತ್ತಾರೆ. ಮೂರನೇ ದಿನವೇ ಕ್ಯಾಪ್ಟನ್ ಹತ್ತಿರ ಲೆಕ್ಕ ಕೇಳಿ ಅಂತ ನಾನು ಹೇಳಿಕೊಡುತ್ತೇನೆ. ಕೇಳಿದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಲ್ಲಿ ಬಹುತೇಕ ಎಂವೈಬಿಎ ಅನ್ನುವ, ಯಾಟ್ ವ್ಯವಹಾರದವರ ಸಂಘದ ಒಪ್ಪಂದ ಪತ್ರವೇ ನಡೆಯುವುದು. ಸಾಮಾನ್ಯವಾಗಿ ಸಹಿ ಹಾಕುವಾಗ ಅರ್ಧ, ಉಳಿದರ್ಧ ಮತ್ತು ಎಪಿಎ ಹೊರಡುವ ತಿಂಗಳ ಮೊದಲು. ಆ ಪತ್ರವನ್ನು ಪೂರ್ತಿ ಓದುವವರನ್ನು ನಾನು ಕಂಡಿದ್ದು ಕಡಿಮೆ. ಓದಿದವರು ಹೆಚ್ಚಾಗಿ ಅವರ ಆಡಿಟರ್.

ಡೀಸೆಲ್ ಬಗ್ಗೆ ಒಂದು ಮಾತು. ದೊಡ್ಡ ಯಾಟ್‌ಗಳಲ್ಲಿ ವೇಗ ಸ್ವಲ್ಪ ಹೆಚ್ಚಿಸಿದರೂ ಖರ್ಚು ಸಿಕ್ಕಾಪಟ್ಟೆ ಏರುತ್ತದೆ. ಸಮುದ್ರದಲ್ಲಿ ವೇಗವನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ. 12 ನಾಟ್‌ನಿಂದ 16 ನಾಟ್‌ಗೆ ಹೋದರೆ ಗಂಟೆಗೆ ಕುಡಿಯುವ ಡೀಸೆಲ್ ಎರಡು ಪಟ್ಟಿಗಿಂತ ಜಾಸ್ತಿ ಆಗಬಹುದು. ಬೆಳಿಗ್ಗೆ ಮೊನಾಕೊ, ಮಧ್ಯಾಹ್ನ ಕಾನ್, ಸಂಜೆ ಸೇಂಟ್ ಟ್ರೋಪೇ ಅಂತ ಪ್ಲಾನ್ ಹಾಕಿಕೊಂಡು ಬರುತ್ತಾರಲ್ಲ, ಅವರಿಗೆ ಇದನ್ನೇ ಹೇಳುವುದು. ನಿಂತು ನೋಡುವುದಕ್ಕೆ ಹತ್ತಿರದಲ್ಲೇ ಬೇಕಾದಷ್ಟಿದೆ. ವಿಲ್‌ಫ್ರಾಂಶ್ ಕೊಲ್ಲಿ ಇದೆ, ಕಾನ್ ಎದುರಿಗೇ ಲೆರಿನ್ಸ್ ದ್ವೀಪಗಳಿವೆ. ಅದರಲ್ಲಿ ಸೇಂಟ್ ಹೊನೊರಾ ದ್ವೀಪದ ಮಠದಲ್ಲಿ ಸನ್ಯಾಸಿಗಳು ದ್ರಾಕ್ಷಿ ಬೆಳೆದು ತಾವೇ ವೈನ್ ಮಾಡಿ ಮಾರುತ್ತಾರೆ. ನಮ್ಮ ಗಿರಾಕಿಗಳಿಗೆ ಇದು ಬಹಳ ತಮಾಷೆ ಅನ್ನಿಸುತ್ತದೆ.

ಇನ್ನು ತಲೆ ಎಣಿಕೆ. ನಮ್ಮವರ ದೊಡ್ಡ ತಲೆನೋವೇ ಇದು. ಬೋಟ್ ಎಷ್ಟೇ ದೊಡ್ಡದಿರಲಿ, ಸಾಮಾನ್ಯವಾಗಿ 12 ಅತಿಥಿಗಳ ಮೇಲೆ ಹತ್ತಿಸುವುದಿಲ್ಲ. ಅಂತರರಾಷ್ಟ್ರೀಯ ಕಡಲ ಸುರಕ್ಷತೆ ನಿಯಮದ ಪ್ರಕಾರ 12 ದಾಟಿದರೆ ಅದು ಪ್ರಯಾಣಿಕರ ಹಡಗು ಆಗುತ್ತದೆ, ಅದರ ಕಾನೂನೇ ಬೇರೆ. ಒಂದು ವರ್ಷ ತುಂಬದ ಕೂಸನ್ನು ಮಾತ್ರ ಆ ನಿಯಮ ಪ್ರಯಾಣಿಕ ಅಂತ ಎಣಿಸುವುದಿಲ್ಲ. ನಮ್ಮ ಮನೆಗಳಲ್ಲಿ 12 ಜನ ಅಂದರೆ ಏನು ಹೇಳಿ? ಅಣ್ಣ, ತಮ್ಮ, ಇಬ್ಬರ ಸಂಸಾರ, ಅಜ್ಜಿ, ಅಲ್ಲಿಗೇ ಮುಗಿಯಿತು. ಆಮೇಲೆ ಒಬ್ಬರು ಫೋನ್ ಮಾಡಿ, "ನಮ್ಮ ಭಾವನೂ ಬರ್ತಿದ್ದಾರೆ, ಸೋಫಾ ಮೇಲೆ ಮಲಗ್ತಾರೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾರೆ. ಸರ್, ಇದು ಧರ್ಮಸ್ಥಳಕ್ಕೆ ಹೋಗುವ ಟೆಂಪೋ ಟ್ರಾವೆಲರ್ ಅಲ್ಲ ಅಂತ ಹೇಳಬೇಕು ಅನ್ನಿಸುತ್ತದೆ, ಹೇಳುವುದಿಲ್ಲ. 13ನೆಯವರಿಗೆ ದಡದಲ್ಲಿ ಹೋಟೆಲ್ ಮಾಡಿಕೊಡುತ್ತೇನೆ. ಬಂದರಿನಲ್ಲಿ ಬೋಟ್ ಕಟ್ಟಿದ್ದಾಗ, ಕ್ಯಾಪ್ಟನ್ ಒಪ್ಪಿದರೆ, ಅವರು ಊಟಕ್ಕೆ ಬಂದು ಹೋಗಬಹುದು.

ಅಡುಗೆಯವರನ್ನು ಕರೆದುಕೊಂಡು ಬರುತ್ತೇವೆ ಅನ್ನುವವರಿಗೂ ಇದೇ ಲೆಕ್ಕ. ಮನೆಯ ಅಡುಗೆ ಭಟ್ಟರು ಅತಿಥಿಯಾಗಿ ಬಂದರೆ 12ರಲ್ಲಿ ಒಬ್ಬರು. ಸಿಬ್ಬಂದಿಯಾಗಿ ಬರಬೇಕಾದರೆ ಕಡಲ ಕೆಲಸದ ವೈದ್ಯಕೀಯ ಸರ್ಟಿಫಿಕೇಟ್, ಸುರಕ್ಷತೆ ತರಬೇತಿ, ಮಲಗಲು ಸಿಬ್ಬಂದಿ ಕಡೆ ಒಂದು ಹಾಸಿಗೆ, ಇಷ್ಟೂ ಬೇಕು. ಹಾಸಿಗೆಯೇ ಖಾಲಿ ಇರುವುದಿಲ್ಲ. ಅದೂ ಅಲ್ಲದೆ ಯಾಟಿನ ಶೆಫ್‌ಗೆ ತನ್ನ ಅಡುಗೆಮನೆಗೆ ಇನ್ನೊಬ್ಬರು ಬಂದರೆ ಹಿಡಿಸುವುದಿಲ್ಲ. ಯಾರಿಗೆ ತಾನೆ ಹಿಡಿಸುತ್ತದೆ?

ಅದಕ್ಕೇ ನಾನು ಊಟದ ಫಾರಂ ಮೇಲೆ ಜಾಸ್ತಿ ಹೊತ್ತು ಕಳೆಯುತ್ತೇನೆ. ಬ್ರೋಕರ್ ಕಳಿಸುವ ಫಾರಂನಲ್ಲಿ "ವೆಜಿಟೇರಿಯನ್" ಅಂತ ಒಂದು ಟಿಕ್ ಇರುತ್ತದೆ. ಅದಕ್ಕೆ ಟಿಕ್ ಹಾಕಿ ಕಳಿಸಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೊಟ್ಟೆ ತಿನ್ನುತ್ತಾರಾ, ಕೇಕಿನಲ್ಲಿದ್ದರೆ ಪರವಾಗಿಲ್ಲವಾ, ಈರುಳ್ಳಿ ಬೆಳ್ಳುಳ್ಳಿ ಯಾರಿಗೆ ಆಗುವುದಿಲ್ಲ, ಏಕಾದಶಿ ಯಾವ ದಿನ ಬರುತ್ತದೆ, ಅಜ್ಜಿಗೆ ರಾತ್ರಿ ಅನ್ನ ಮೊಸರು ಎಷ್ಟು ಗಂಟೆಗೆ, ಎಲ್ಲ ಬರೆಯುತ್ತೇನೆ. ಅಲ್ಲಿನ ತಿಂಡಿಗಳಲ್ಲೂ ಮೋಸ ಹೋಗುವ ಜಾಗಗಳಿವೆ. ಪಿಸ್ಸಲಾಡಿಯೇರ್ ಅಂತ ನೀಸ್ ಕಡೆಯ ಒಂದು ತಿಂಡಿ, ನೋಡಿದರೆ ಈರುಳ್ಳಿ ಹಾಕಿದ ರೊಟ್ಟಿ ಥರ ಕಾಣುತ್ತದೆ, ಆದರೆ ಅದಕ್ಕೆ ಮೀನು ಹಾಕುತ್ತಾರೆ. ಅದೇ ನೀಸ್‌ನ ಸೊಕ್ಕಾ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಅಷ್ಟೇ. ಒಮ್ಮೆ ಒಬ್ಬ ಅಜ್ಜಿಗೆ ಅದನ್ನು ಕೊಡಿಸಿದೆ. "ಇದಕ್ಕೆ ಇಷ್ಟು ದೂರ ಬರಬೇಕಿತ್ತೇನಪ್ಪಾ" ಅಂತ ಹೇಳಿ ಇನ್ನೊಂದು ಪ್ಲೇಟ್ ತರಿಸಿದರು.

ಕ್ಯಾಪ್ಟನ್ ವಿಷಯ ಹೇಳಲೇಬೇಕು. ದುಡ್ಡು ಕೊಟ್ಟವರು ನಾವು, ನಾವು ಹೇಳಿದ ಕಡೆ ಹೋಗಬೇಕು ಅನ್ನುವ ಭಾವನೆ ನಮ್ಮವರಲ್ಲಿ ಬಲವಾಗಿದೆ. ಸುರಕ್ಷತೆಯ ವಿಷಯದಲ್ಲಿ ಕೊನೆಯ ಮಾತು ಕ್ಯಾಪ್ಟನ್‌ದೇ, ಒಪ್ಪಂದದಲ್ಲೇ ಹಾಗೆ ಇದೆ. ಮಿಸ್ಟ್ರಾಲ್ ಗಾಳಿ ಎದ್ದಾಗ ಇದು ಗೊತ್ತಾಗುತ್ತದೆ. ರೋನ್ ಕಣಿವೆ ಕಡೆಯಿಂದ ಬೀಸುವ ಗಾಳಿ ಅದು. ಆಕಾಶ ಶುಭ್ರ, ಬಿಸಿಲು, ಒಂದು ಮೋಡ ಇಲ್ಲ, ಆದರೂ ಕ್ಯಾಪ್ಟನ್ "ಇವತ್ತು ಸೇಂಟ್ ಟ್ರೋಪೇ ಬೇಡ" ಅನ್ನುತ್ತಾರೆ. ಮಳೆ ಬರದೆ ಸಮುದ್ರ ಕೆಡುವುದು ಹೇಗೆ ಅಂತ ಇವರಿಗೆ ಅನುಮಾನ. ನಾನು ಮೊದಲೇ ಹೇಳಿಟ್ಟಿದ್ದರೆ ಗೊಣಗುತ್ತಾರೆ ಅಷ್ಟೇ. ಹೇಳಿರದಿದ್ದರೆ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ.

ಲಂಗರು ಹಾಕುವುದೂ ಈಗ ಇಷ್ಟಬಂದ ಕಡೆ ಅಲ್ಲ. ಸಮುದ್ರದ ತಳದಲ್ಲಿ ಪೊಸಿಡೋನಿಯಾ ಅನ್ನುವ ಹುಲ್ಲು ಬೆಳೆಯುತ್ತದೆ. ಪಾಚಿಯಲ್ಲ, ಹೂ ಬಿಡುವ ಗಿಡ, ಬೆಳೆಯುವುದು ಬಹಳ ನಿಧಾನ. ಲಂಗರು ಎಳೆದರೆ ಕಿತ್ತು ಬರುತ್ತದೆ. ಹಾಗಾಗಿ 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಬೋಟ್‌ಗಳು ಅದು ಬೆಳೆದಿರುವ ಕಡೆ ಲಂಗರು ಹಾಕದಂತೆ ಫ್ರಾನ್ಸ್ ನಿಯಮ ಮಾಡಿದೆ. 2020ರಿಂದ ಒಂದೊಂದು ಪ್ರದೇಶಕ್ಕೂ ಜಾರಿ ಮಾಡುತ್ತಾ ಬಂದರು. ಹಳೆಯ ಫೋಟೋ ತೋರಿಸಿ "ಇದೇ ಜಾಗದಲ್ಲಿ ನಿಲ್ಲಿಸಿ" ಅಂದರೆ ಈಗ ಆಗದು. ಜೆಟ್‌ಸ್ಕೀಗೆ ಲೈಸೆನ್ಸ್ ಬೇಕು ಅನ್ನುವುದನ್ನು ಹುಡುಗರಿರುವ ಮನೆಗೆ ಎರಡು ಸಲ ಹೇಳುತ್ತೇನೆ. ಚಪ್ಪಲಿ ಬಿಡುವ ವಿಷಯ ನಮ್ಮವರಿಗೆ ಹೇಳಬೇಕಾಗಿಲ್ಲ. ತೇಗದ ಡೆಕ್ ಹಾಳಾಗಬಾರದು ಅಂತ ಏಣಿಯ ಹತ್ತಿರ ಬುಟ್ಟಿ ಇಟ್ಟಿರುತ್ತಾರೆ, ನಮ್ಮವರು ಬುಟ್ಟಿ ಕಾಣುವ ಮೊದಲೇ ಬಿಟ್ಟಿರುತ್ತಾರೆ.

ಕೊನೆಗೆ ತಿಂಗಳ ಪ್ರಶ್ನೆ. ಮಕ್ಕಳ ರಜೆ ಅಂತ ಎಲ್ಲರೂ ಏಪ್ರಿಲ್, ಮೇ ಕೇಳುತ್ತಾರೆ. ಆಗ ಅಲ್ಲಿ ನೀರು ಇನ್ನೂ ತಣ್ಣಗೆ, ಮಕ್ಕಳು ಕಾಲಿಟ್ಟು ಓಡಿ ಬರುತ್ತಾರೆ. ಮೇನಲ್ಲಿ ಕಾನ್ ಚಿತ್ರೋತ್ಸವ ಬೇರೆ, ಬಂದರಿನಲ್ಲಿ ಜಾಗಕ್ಕೆ ಬಡಿದಾಟ. ಜುಲೈ, ಆಗಸ್ಟ್ ಚೆನ್ನಾಗಿದೆ, ದುಬಾರಿ, ಸ್ಕೂಲಿಗೆ ರಜೆ ಹಾಕಿಸಬೇಕು. ನಾನು ಹೇಳುವುದು ದಸರಾ ರಜೆ ಬೇಗ ಬಂದ ವರ್ಷ ನೋಡಿಕೊಳ್ಳಿ ಅಂತ. ಬೇಸಿಗೆಯೆಲ್ಲ ಕಾದ ನೀರು ಅಕ್ಟೋಬರ್ ಮೊದಲಲ್ಲೂ ಪೂರ್ತಿ ತಣ್ಣಗಾಗಿರುವುದಿಲ್ಲ, ಬಾಡಿಗೆಯೂ ಇಳಿದಿರುತ್ತದೆ. ಮಳೆ ಬಂದರೆ ಮಾತ್ರ ನನ್ನನ್ನು ಕೇಳಬೇಡಿ, ಅದನ್ನೂ ಫೋನಿನಲ್ಲೇ ಹೇಳಿರುತ್ತೇನೆ.