ಮೂಲ ಗೊತ್ತಿದ್ದವರ ಕಷ್ಟ

ಕಥಾಸಂಕಲನಗಳನ್ನು ನಾನು ಮೊದಲ ಪುಟದಿಂದ ಓದುವವಳಲ್ಲ. ಪರಿವಿಡಿಯ ಮೇಲೆ ಬೆರಳಾಡಿಸಿ, ಪರಿಚಯದ ಹೆಸರು ಸಿಕ್ಕ ಕಡೆಗೆ ನುಗ್ಗುತ್ತೇನೆ. ದಸರಾ ರಜೆಗೆ ಮೈಸೂರಿಗೆ ಬಂದಿದ್ದ ಅಣ್ಣನ ಮಗಳ ಪುಸ್ತಕವೊಂದನ್ನು ಹಾಗೆಯೇ ಎತ್ತಿಕೊಂಡೆ. ಅಂದು ಸರಸ್ವತಿ ಪೂಜೆ. ಮನೆಯ ಪುಸ್ತಕಗಳೆಲ್ಲ ಅರಿಸಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು, ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಸೋಫಾದ ದಿಂಬಿನ ಕೆಳಗೆ ಅಡಗಿದ್ದ ಇದೊಂದು ಮಾತ್ರ ಪೂಜೆಯಿಂದ ತಪ್ಪಿಸಿಕೊಂಡಿತ್ತು. ‘ಇವತ್ತೂ ಓದಬೇಕೇನೇ?’ ಎಂದು ಅಮ್ಮ ಗದರಿದಾಗ ಹುಡುಗಿ, ‘ಅಜ್ಜಿ, ಇದು ಪಠ್ಯಪುಸ್ತಕವಲ್ಲ, ಬರೀ ಕಥೆ’ ಎಂದು ನನ್ನ ಪರ ವಕಾಲತ್ತು ವಹಿಸಿದಳು.

‘ಎ ಥೌಸಂಡ್ ಬಿಗಿನಿಂಗ್ಸ್ ಆ್ಯಂಡ್ ಎಂಡಿಂಗ್ಸ್’ ಎಂದು ಅದರ ಹೆಸರು. ಎಲೆನ್ ಓ ಮತ್ತು ಎಲ್ಸಿ ಚಾಪ್‌ಮನ್ ಸಂಪಾದಿಸಿದ್ದು, 2018ರಲ್ಲಿ ಬಂದದ್ದು. ಹದಿಹರೆಯದವರಿಗಾಗಿ 15 ಲೇಖಕರು ಬರೆದ 15 ಕಥೆಗಳು. ಬರೆದವರೆಲ್ಲ ಏಷ್ಯಾದ ಬೇರಿನವರು. ತಂತಮ್ಮ ಕಡೆಯ ಪುರಾಣವನ್ನೋ ಜನಪದ ಕಥೆಯನ್ನೋ ಹೊಸದಾಗಿ ಕಟ್ಟಿದ್ದಾರೆ. ಕೊರಿಯಾ, ಚೀನಾ, ಜಪಾನ್, ವಿಯೆಟ್ನಾಂ, ಫಿಲಿಪ್ಪೀನ್ಸ್, ಪಂಜಾಬ್, ಜೊತೆಗೆ ನಮ್ಮ ಮಹಾಭಾರತ. ಪ್ರತಿ ಕಥೆಯ ಕೊನೆಗೆ ಮೂಲ ಯಾವುದು, ಅದನ್ನು ತಾವೇಕೆ ಹೀಗೆ ತಿರುಗಿಸಿದೆವು ಎಂದು ಲೇಖಕರದೇ ಒಂದು ಟಿಪ್ಪಣಿ.

ಪರಿಚಯದವರ ಮನೆಗೇ ಮೊದಲು ಹೋದೆ. ಕುರುಕ್ಷೇತ್ರದ ಕಥೆಯಲ್ಲಿ ಈ ಕಾಲದ ಹುಡುಗನೊಬ್ಬ ಸೈನ್ಯದ ನಡುವೆ ಈಟಿ ಹಿಡಿದು ನಿಂತಿದ್ದಾನೆ. ಅರ್ಜುನನಲ್ಲ, ಅಭಿಮನ್ಯುವಲ್ಲ, ಹೆಸರು ಹೇಳಿ ಅಳಲು ಯಾರೂ ಇಲ್ಲದ ಕಾಲಾಳು. ಒಂದು ಅಕ್ಷೌಹಿಣಿಗೆ 1,09,350 ಕಾಲಾಳುಗಳು ಎಂಬ ಲೆಕ್ಕ ಚಿಕ್ಕಂದಿನಲ್ಲಿ ಬಾಯಿಪಾಠವಾಗಿತ್ತು. 18 ಅಕ್ಷೌಹಿಣಿಗೆ ಗುಣಿಸಿದರೆ ಹತ್ತಿರ ಹತ್ತಿರ ಇಪ್ಪತ್ತು ಲಕ್ಷ. ಗುಣಾಕಾರ ಮಾಡಿ ಮೆಚ್ಚುಗೆ ಪಡೆದವಳು ನಾನು. ಆ ಇಪ್ಪತ್ತು ಲಕ್ಷದಲ್ಲಿ ಒಬ್ಬನಿಗಾದರೂ ಮನೆಗೆ ಹೋಗಬೇಕೆನಿಸಿರಬಹುದು ಎಂದು ಆಗ ಹೊಳೆದಿರಲಿಲ್ಲ. ಭೀಷ್ಮನ ಬಾಣಕ್ಕೆ ದಿನಕ್ಕೆ ಹತ್ತು ಸಾವಿರ ಮಂದಿ ಉರುಳಿದರೆಂದು ಕೇಳುವಾಗ ನಮ್ಮ ಕಣ್ಣೆಲ್ಲ ಭೀಷ್ಮನ ಮೇಲೆಯೇ.

ಆದರೆ ಎಲ್ಲ ಕಡೆ ಇಷ್ಟು ಉದಾರಿಯಾಗಿ ಓದಲು ನನ್ನಿಂದ ಆಗಲಿಲ್ಲ. ಸಾವಿತ್ರಿಯ ಕಥೆಗೆ ಗಂಗೆ-ಶಂತನುವಿನ ಕಥೆಯನ್ನು ಹೆಣೆದ ಕಡೆ ತಕರಾರು ತೆಗೆದೆ. ಗರ್ಬಾ ರಾತ್ರಿಯಲ್ಲಿ ಕುಣಿಯುವ ಹುಡುಗಿಯರ ತುಂಟಾಟದ ನಡುನಡುವೆ ಮಹಿಷಾಸುರನ ವಧೆಯನ್ನು ಹೇಳುವ ಕಥೆ ಲವಲವಿಕೆಯದು, ನಗಿಸಿತು ಕೂಡ. ಆದರೂ ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷನನ್ನು ನೋಡಿ ಬೆಳೆದವಳಿಗೆ ‘ಇವನು ನಮ್ಮವನಲ್ಲ’ ಅನ್ನಿಸುತ್ತಲೇ ಇತ್ತು. ಪಂಜಾಬಿನ ಜನಪದ ಪ್ರೇಮಿಗಳಾದ ಮಿರ್ಜಾ-ಸಾಹಿಬಾರ ಪ್ರೇಮವನ್ನು ಇಂದಿನ ಕ್ಲಬ್ಬಿಗೆ ತಂದ ಕಥೆ ನನ್ನ ಮಟ್ಟಿಗೆ ಅವಸರದ ಅಡುಗೆ. ಅನಾರ್ಕಲಿ ಮಾತ್ರ ಗೆದ್ದಳು: ತನ್ನ ಒಡೆಯನೇ ಆದವನನ್ನು ಪ್ರೀತಿಸುವುದೆಂದರೇನು ಎಂದು ಅವಳು ಯೋಚಿಸತೊಡಗಿದ ಕೂಡಲೇ ನಾವು ಕೇಳಿದ್ದ ಪ್ರಣಯದ ಬಣ್ಣವೆಲ್ಲ ಇಳಿಯುತ್ತದೆ.

ಆಮೇಲೆ ಪರಿಚಯವಿಲ್ಲದ ಕಡೆಗೆ ಹೊರಟೆ. ಕೈಯಲ್ಲಿದ್ದ ತಕ್ಕಡಿ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೊರಿಯಾದ ಕಥೆಯೊಂದರಲ್ಲಿ, ತೀರಿಕೊಂಡ ತಾಯಿ ಆಡುತ್ತಿದ್ದ ಆನ್‌ಲೈನ್ ಆಟವನ್ನು ಕಂಪನಿ ಮುಚ್ಚಲಿದೆ. ಮಗಳು ಆಟದೊಳಗೆ ಹೋದರೆ ಅಲ್ಲಿ ತಾಯಿಯ ಸುಳಿವು. ಮೂಲ ಏನು, ಎಲ್ಲಿ ಬದಲಾಯಿಸಿದ್ದಾರೆ ಎಂಬ ಯಾವ ಗೊಡವೆಯೂ ಇಲ್ಲದೆ, ಮುಂದೇನಾಯಿತು ಎಂದು ಮಾತ್ರ ಓದಿದೆ. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಸುಖ ಅದು.

ವಿಯೆಟ್ನಾಮಿನ ಕಥೆಯಲ್ಲಿ ತಾಮ್ ಮತ್ತು ಕಾಮ್ ಎಂಬ ಅಕ್ಕತಂಗಿಯರು ಅರಮನೆಯ ಲೆಕ್ಕದ ಕೆಲಸಕ್ಕೆ ಸೇರಿ ಗೋಡೆಯೊಳಗೆ ಸಿಕ್ಕಿಬಿದ್ದಿದ್ದಾರೆ. ಒಬ್ಬಳಿಗಾಗಿ ಇನ್ನೊಬ್ಬಳು ಜೀವ ಬಿಡುವವಳು. ಓದಿ ಮುಗಿಸಿ ಮೂಲ ತಿಳಿದಾಗ ಎದೆ ಧಸಕ್ಕೆಂದಿತು. ಅಲ್ಲಿ ಕಾಮ್ ಮಲಸಹೋದರಿ. ತಂದೆಯ ತಿಥಿಗೆ ಅಡಿಕೆ ಕೊಯ್ಯಲು ತಾಮ್ ಮರ ಹತ್ತಿದಾಗ ಮಲತಾಯಿ ಬುಡ ಕಡಿಯುತ್ತಾಳೆ. ಸತ್ತ ತಾಮ್ ಹಕ್ಕಿಯಾಗಿ, ಮರವಾಗಿ, ಮಗ್ಗವಾಗಿ, ಹಣ್ಣಾಗಿ ಮತ್ತೆ ಮತ್ತೆ ಬರುತ್ತಾಳೆ. ಮಲತಾಯಿ-ಮಗಳಿಗೆ ಸಿಗುವ ಶಿಕ್ಷೆ ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ. ಆ ದ್ವೇಷವನ್ನೆಲ್ಲ ಅಳಿಸಿ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿದ ಲೇಖಕಿಯ ಧೈರ್ಯ ಗೊತ್ತಾದದ್ದೇ ಆಗ. ಮೊದಲ ಪುಟಕ್ಕೆ ತಿರುಗಿ ಇನ್ನೊಮ್ಮೆ ಓದಿದೆ.

‘ನನಗೆ ಎಲ್ಲವೂ ಹಾಗೇ ಇತ್ತು ಅತ್ತೆ. ನಿನಗೆ ಗೊತ್ತಿರುವುದೂ ನನಗೆ ಹೊಸದು’ ಎಂದಳು ಹುಡುಗಿ. ಸಾವಿತ್ರಿಯೊಂದಿಗೆ ಗಂಗೆ ಬಂದದ್ದು ಅವಳಿಗೆ ಅಡ್ಡಿಯೇ ಆಗಿರಲಿಲ್ಲ, ಇಬ್ಬರೂ ಮೊದಲೇ ನೆರೆಹೊರೆಯವರೆಂದು ತಿಳಿದಿದ್ದಳಂತೆ. ತಾಳಮದ್ದಳೆಯಲ್ಲಿ ಒಂದೇ ಪ್ರಸಂಗದ ಕರ್ಣ ಇಂದು ಒಂದು ವಾದ, ನಾಳೆ ಇನ್ನೊಂದು ವಾದ ಹೂಡಿದರೆ ತಲೆದೂಗುವ ನಾನು, ಅಮೆರಿಕದಲ್ಲಿ ಕೂತು ಬರೆದವರಿಗೆ ಆ ಸ್ವಾತಂತ್ರ್ಯ ಕೊಡಲು ಹಿಂದೆಮುಂದೆ ನೋಡಿದ್ದು ಏಕೆಂದು ಈಗಲೂ ಸ್ಪಷ್ಟವಿಲ್ಲ.

ಸಂಜೆ ಗೊಂಬೆಗಳಿಗೆ ಆರತಿ ಆದ ಮೇಲೂ ಚರ್ಚೆ ಮುಂದುವರಿಯಿತು. ಚೀನಾದ ಹಳೆಯ ಕಥೆಯಲ್ಲಿ ಸ್ನಾನಕ್ಕಿಳಿದ ದೇವಲೋಕದ ನೇಯ್ಗೆಯ ಹುಡುಗಿಯ ಬಟ್ಟೆಯನ್ನು ದನ ಕಾಯುವವನು ಕದ್ದು ಅವಳನ್ನು ಮದುವೆಯಾಗುತ್ತಾನೆ. ಇಲ್ಲಿ ಆ ಹುಡುಗಿಯೇ ಕಥೆ ಹೇಳುತ್ತಾಳೆ, ಮೊದಲು ಮೆಚ್ಚಿದವಳೂ ಅವಳೇ. ‘ನೀವು ಗೋಪಿಯರ ಸೀರೆ ಕದ್ದರೆ ಲೀಲೆ ಎನ್ನುತ್ತೀರಲ್ಲ’ ಎಂದು ಅಣ್ಣನ ಮಗಳು ಅಮ್ಮನನ್ನೂ ಕೆಣಕಿದಳು. ಅಮ್ಮ ಕೋಸಂಬರಿ ಹಂಚುವ ನೆಪದಲ್ಲಿ ಎದ್ದು ಹೋದರು.

ಸಂಕಲನದಲ್ಲಿ ಕನ್ನಡದ ಕಥೆ ಒಂದೂ ಇಲ್ಲವಲ್ಲ ಎಂದು ಅವಳು ಕೇಳಿದಾಗ ನಾನು ನಮ್ಮ ಜನಪದದ, ಹೂಮರವಾಗುವ ಹುಡುಗಿಯ ಕಥೆ ಹೇಳಿದೆ. ತಾಮ್ ಮರವಾದದ್ದನ್ನು ಓದಿದಾಗಿನಿಂದ ಅದೇ ತಲೆಯಲ್ಲಿತ್ತು. ನಾದಿನಿ ಗೆಳತಿಯರ ಮುಂದೆ ಅವಳನ್ನು ಬಲವಂತವಾಗಿ ಮರವಾಗಿಸಿ, ಕೊಂಬೆ ಮುರಿದು, ಅರ್ಧ ದೇಹದವಳಾಗಿ ಬಿಟ್ಟುಹೋಗುವುದನ್ನು ಕೇಳಿ ಹುಡುಗಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ತಾನಾದರೆ ಇದನ್ನು ನಾದಿನಿಯ ಬಾಯಿಂದ ಹೇಳಿಸುತ್ತೇನೆ ಎಂದಳು. ಕೂಡದು ಎಂದೆ, ಹೂವಾದವಳಿಗೇ ಇನ್ನೂ ಸರಿಯಾಗಿ ಬಾಯಿ ಬಂದಿಲ್ಲ, ಮೊದಲು ಅವಳು ಮಾತಾಡಲಿ. ಅವಳು ಒಪ್ಪಲಿಲ್ಲ. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.