ಕಾಫಿ ಹಣ್ಣು ತೂಗುವ ತಕ್ಕಡಿಯಲ್ಲಿ ಕಸವನ್ನೂ ತೂಗಿದೆವು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಅತಿಥಿಗಳಿಗಾಗಿ ನಡೆಸುವ ಸ್ಟೇಯ ಲೆಕ್ಕಪತ್ರ ಮತ್ತು ಉಸ್ತುವಾರಿ ನನ್ನ ಕೆಲಸ. ನಮಗೆ ಬುಕಿಂಗ್ ಕೊಡುವ ಟೂರ್ ಕಂಪನಿಗಳು ಈಗ ದರಪಟ್ಟಿಯ ಜೊತೆಗೆ ಇನ್ನೊಂದಿಷ್ಟು ಪ್ರಶ್ನೆ ಕಳಿಸುತ್ತವೆ. ನೀರು ಎಷ್ಟು ಬಳಸುತ್ತೀರಿ, ಕಸ ಎಲ್ಲಿಗೆ ಹೋಗುತ್ತದೆ, ಊರಿನವರಿಗೆ ಏನು ಸಿಗುತ್ತಿದೆ? ಎಷ್ಟೋ ಕಡೆಯಿಂದ ಇದಕ್ಕೆ ಉತ್ತರವಾಗಿ ಹೋಗುವುದು ‘ನಾವು ಪ್ರಕೃತಿಯನ್ನು ಪ್ರೀತಿಸುತ್ತೇವೆ’ ಎಂಬ ಸಾಲು ಮತ್ತು ಮಂಜು ಮುಸುಕಿದ ಬೆಟ್ಟದ ಫೋಟೊ. ಪ್ರೀತಿ ನಿಜವೇ ಇರಬಹುದು. ಆದರೆ ಹೋದ ವರ್ಷಕ್ಕಿಂತ ಈ ವರ್ಷ ಸುಧಾರಿಸಿದ್ದೇವೋ ಇಲ್ಲವೋ ಎಂಬುದು ಅದರಿಂದ ನಮಗೇ ತಿಳಿಯುವುದಿಲ್ಲ.

ಅಳತೆ ಎಂದರೆ ಕನ್ಸಲ್ಟೆಂಟ್, ಸಾಫ್ಟ್‌ವೇರ್, ದೊಡ್ಡ ಖರ್ಚು ಎಂದು ಸಣ್ಣ ಸ್ಟೇಗಳ ಮಾಲೀಕರು ಹಿಂಜರಿಯುತ್ತಾರೆ. ತೋಟದವರಿಗಂತೂ ಈ ಹಿಂಜರಿಕೆ ಬೇಡ. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗಿ, ಯಾರದು ಎಷ್ಟು ಕೆ.ಜಿ. ಎಂದು ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುವುದು ಇಲ್ಲಿ ತಲೆಮಾರುಗಳ ರೂಢಿ. ಅದೇ ತೂಗುತಕ್ಕಡಿಯನ್ನು ಅಡುಗೆಮನೆ ಹಿಂದೆ ನೇತುಹಾಕಿ, ಹಸಿ ಕಸ, ಪ್ಲಾಸ್ಟಿಕ್, ಗಾಜು, ಉಳಿದದ್ದು ಎಂದು ನಾಲ್ಕು ಚೀಲ ಮಾಡಿ ದಿನಾ ತೂಗಲು ಶುರು ಮಾಡಿದೆವು. ಬರೆಯುವವರು ಪಾತ್ರೆ ತೊಳೆಯುವ ಅಕ್ಕಂದಿರೇ. ಆಫೀಸಿನಲ್ಲಿ ಕೂತು ತಿಂಗಳ ಕೊನೆಗೆ ಅಂದಾಜು ತುಂಬಿಸುವ ಹಾಳೆಗಿಂತ ಎಣ್ಣೆ ಕಲೆ ಬಿದ್ದ ಅವರ ನೋಟ್‌ಬುಕ್ಕನ್ನೇ ನಾನು ಹೆಚ್ಚು ನಂಬುತ್ತೇನೆ.

ಆದರೆ ಬರೀ ಕೆ.ಜಿ., ಬರೀ ಲೀಟರ್ ಏನೂ ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಕಸ ಹೆಚ್ಚು, ಜುಲೈಯಲ್ಲಿ ಕಡಿಮೆ. ಅಷ್ಟಕ್ಕೇ ಜುಲೈಯಲ್ಲಿ ನಾವು ಒಳ್ಳೆಯವರಾದೆವು ಎನ್ನಲಾದೀತೇ? ಆ ತಿಂಗಳು ಜನ ಬಂದಿರಲಿಲ್ಲ, ಅಷ್ಟೆ. ಹಾಗಾಗಿ ಪ್ರತಿ ಅಂಕಿಯನ್ನೂ ಗೆಸ್ಟ್ ನೈಟ್‌ನಿಂದ ಭಾಗಿಸಬೇಕು. ನಾಲ್ಕು ಜನ ಎರಡು ರಾತ್ರಿ ಉಳಿದರೆ ಎಂಟು ಗೆಸ್ಟ್ ನೈಟ್. ದೊಡ್ಡ ಹೋಟೆಲ್‌ಗಳು ಬಳಸುವ ಕಾರ್ಬನ್ ಮತ್ತು ನೀರಿನ ಲೆಕ್ಕದ ಪದ್ಧತಿಗಳು ಅತಿಥಿಗಳಿದ್ದ ರೂಮುಗಳ ಲೆಕ್ಕದಲ್ಲಿ ಭಾಗಿಸುತ್ತವೆ. ಒಂದೇ ರೂಮಿನಲ್ಲಿ ಇಬ್ಬರೂ ಇರುವ, ಆರು ಜನರ ಕುಟುಂಬವೂ ಇರುವ ನಮ್ಮಂಥ ಕಡೆ ತಲೆಲೆಕ್ಕವೇ ಸರಿ. ಇನ್ನೊಂದು ಮಾತು: ಮಲೆನಾಡಿನಲ್ಲಿ ಜುಲೈಯನ್ನು ಜೂನ್ ಜೊತೆಗೆ ಹೋಲಿಸಬಾರದು, ಹಿಂದಿನ ಜುಲೈ ಜೊತೆಗೆ ಹೋಲಿಸಬೇಕು. ಮಳೆಗಾಲದಲ್ಲಿ ಬೆಡ್‌ಶೀಟ್ ಒಣಗದೆ ಡ್ರೈಯರ್ ಓಡುತ್ತದೆ, ಕರೆಂಟ್ ಹೋಗಿ ಜನರೇಟರ್ ಓಡುತ್ತದೆ. ಋತುವಿನ ಏರಿಳಿತವನ್ನು ನಮ್ಮ ಸಾಧನೆಯಾಗಿಯೋ ಸೋಲಾಗಿಯೋ ತೋರಿಸುವುದು ನ್ಯಾಯವಲ್ಲ.

ನೀರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ತೋಟಗಳಿಗೆ ನೀರು ಬರುವುದು ಕೆರೆಯಿಂದಲೋ, ಹಳ್ಳದಿಂದಲೋ, ಬೋರ್‌ವೆಲ್‌ನಿಂದಲೋ. ಬಿಲ್ ಬರುವುದಿಲ್ಲ, ಹಾಗಾಗಿ ಲೆಕ್ಕವೂ ಇರುವುದಿಲ್ಲ. ಟ್ಯಾಂಕಿನಿಂದ ರೂಮುಗಳಿಗೆ ಹೋಗುವ ಪೈಪಿಗೆ ಒಂದು ಮೀಟರ್, ಅಡುಗೆಮನೆಗೆ ಒಂದು, ಬಟ್ಟೆ ಒಗೆಯುವಲ್ಲಿಗೆ ಒಂದು ಹಾಕಿಸಿದೆವು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ರೀಡಿಂಗ್. ಹೌಸ್‌ಕೀಪಿಂಗ್ ನೋಡಿಕೊಳ್ಳುವ ಅಕ್ಕ ಒಂದು ದಿನ ಬಂದು, ‘ಸಾರ್, ರೂಮು ಖಾಲಿ ಇದ್ರೂ ರಾತ್ರಿಯೆಲ್ಲ ಮೀಟರ್ ತಿರುಗಿದೆ’ ಎಂದರು. ಮಣ್ಣಿನೊಳಗಿನ ಒಂದು ಜಾಯಿಂಟ್ ಸೋರುತ್ತಿತ್ತು. ಅತಿಥಿಗಳಿಗೆ ‘ನೀರು ಉಳಿಸಿ’ ಎಂದು ಬಚ್ಚಲಲ್ಲಿ ಚೀಟಿ ಅಂಟಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು. ಮೀಟರ್ ಇಲ್ಲದೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಬೆಡ್‌ಶೀಟ್‌ಗಳನ್ನು ಪೇಟೆಯ ಲಾಂಡ್ರಿಗೆ ಕೊಟ್ಟ ಮರುದಿನದಿಂದಲೇ ನಿಮ್ಮ ನೀರಿನ ಅಂಕಿ ಇಳಿಯುತ್ತದೆ. ನೀರು ಉಳಿದಿರುವುದಿಲ್ಲ, ಬೇರೆಯವರ ನಲ್ಲಿಗೆ ಹೋಗಿರುತ್ತದೆ. ಹೀಗಾಗಿ ವರದಿಯ ಮೊದಲ ಸಾಲಿನಲ್ಲೇ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ, ಯಾವುದನ್ನು ಬಿಟ್ಟಿದ್ದೇವೆ ಎಂದು ಬರೆಯಬೇಕು. ಹೊರಗೆ ಕೊಟ್ಟ ಬಟ್ಟೆಯ ತೂಕವನ್ನಾದರೂ ನಮೂದಿಸಬೇಕು. ಬಚ್ಚಲ ಒಲೆಗೆ ಹಾಕುವ ಸೌದೆಯದೂ ಇದೇ ಕಥೆ. ತೋಟದ್ದೇ ಸೌದೆ, ದುಡ್ಡು ಕೊಟ್ಟಿಲ್ಲ ಎಂದು ಅದು ಪುಸ್ತಕಕ್ಕೆ ಬರುವುದೇ ಇಲ್ಲ. ಸುಟ್ಟಿದ್ದು ಸುಟ್ಟಿದ್ದೇ, ತೂಗಬೇಕು.

ಕರೆಂಟ್, ಡೀಸೆಲ್, ಗ್ಯಾಸ್‌ನಿಂದ ಗಾಳಿಗೆ ಸೇರುವ ಇಂಗಾಲದ ಲೆಕ್ಕ ಸುಲಭ. ಮೆಸ್ಕಾಂ ಬಿಲ್ಲಿನ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. ನಿಖರ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ., ಗ್ಯಾಸ್ ಕೆ.ಜಿ.ಗೆ ಹತ್ತಿರ ಹತ್ತಿರ 3 ಕೆ.ಜಿ. ಅಂದರೆ 19 ಕೆ.ಜಿ.ಯ ಒಂದು ಕಮರ್ಷಿಯಲ್ ಸಿಲಿಂಡರ್ ಖಾಲಿಯಾದರೆ 57 ಕೆ.ಜಿ.ಯಷ್ಟು. ಈಗ ಅತಿಥಿಯ ಕಾರನ್ನು ನೋಡಿ. ಬೆಂಗಳೂರಿನಿಂದ ಹೋಗಿಬರಲು ಸುಮಾರು 500 ಕಿ.ಮೀ., ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಾದರೆ 75 ಕೆ.ಜಿ. ದಾಟುತ್ತದೆ. ಒಂದು ಕುಟುಂಬದ ಒಂದು ಪ್ರವಾಸಕ್ಕೆ ಒಂದು ಸಿಲಿಂಡರ್‌ಗಿಂತ ಹೆಚ್ಚು! ಈ ಓಡಾಟ ಹೋಟೆಲ್ ಲೆಕ್ಕದ ಪದ್ಧತಿಯೊಳಗೆ ಬರುವುದಿಲ್ಲ. ಆದರೂ ನಾವು ಬೇರೆ ಸಾಲಿನಲ್ಲಿ ತೋರಿಸುತ್ತೇವೆ. ಚೆಕ್‌ಇನ್ ಮಾಡುವಾಗ ಎಲ್ಲಿಂದ, ಯಾವುದರಲ್ಲಿ ಬಂದಿರಿ ಎಂದು ಕೇಳಿ ಬರೆದುಕೊಂಡರೆ ಸಾಕು. ಒಂದು ರಾತ್ರಿಗೆ ಬರುವವರಿಗಿಂತ ಮೂರು ರಾತ್ರಿ ಉಳಿಯುವವರಿಗೆ ರಿಯಾಯಿತಿ ಕೊಡಬೇಕೆಂದು ಮಾಲೀಕರನ್ನು ಒಪ್ಪಿಸಿದ್ದು ಈ ಸಾಲೇ.

ಊರಿಗೆ ಏನು ಸಿಕ್ಕಿತು ಎಂಬುದನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವೂ ಅದೇ. ‘ನಮ್ಮ ಸಿಬ್ಬಂದಿಯಲ್ಲಿ ಶೇ. 80ರಷ್ಟು ಸ್ಥಳೀಯರು’ ಎಂಬ ವಾಕ್ಯವನ್ನು ಅನೇಕ ಕಡೆ ಓದಿದ್ದೇನೆ. ಹತ್ತು ಜನರಲ್ಲಿ ಎಂಟು ಮಂದಿ ಊರಿನವರಿದ್ದು, ಎಂಟೂ ಜನ ಕಸ ಗುಡಿಸುವ, ಪಾತ್ರೆ ತೊಳೆಯುವ ಕೆಲಸದಲ್ಲಿದ್ದು, ಮ್ಯಾನೇಜರ್ ಮತ್ತು ಮುಖ್ಯ ಅಡುಗೆಯವರು ಮಾತ್ರ ಹೊರಗಿನವರಾದರೆ ಸಂಬಳದ ಅರ್ಧ ದುಡ್ಡು ಊರಾಚೆ ಹೋಗಿರಬಹುದು. ತಲೆ ಎಣಿಸಬೇಡಿ, ಸಂಬಳದ ಮೊತ್ತದಲ್ಲಿ ಊರಿನ ಪಾಲು ಎಷ್ಟು ಎಂದು ನೋಡಿ. ಅದರಲ್ಲಿ ಹೆಂಗಸರ ಪಾಲು ಎಷ್ಟು, ಕೆಲಸಕ್ಕೆ ಸೇರಿದವರಲ್ಲಿ ಮೇಲಿನ ಹುದ್ದೆಗೆ ಹೋದವರು ಯಾರು ಎಂದೂ ಬರೆಯಿರಿ. ಸಾಮಾನ್ಯವಾಗಿ ಇಎಸ್‌ಐ ಅನ್ವಯಿಸುವುದು 10 ಜನರಿದ್ದರೆ, ಪಿಎಫ್ 20 ಜನರಿದ್ದರೆ. ಬಹುತೇಕ ಸಣ್ಣ ಸ್ಟೇಗಳು ಇದರ ಕೆಳಗೇ ಇರುತ್ತವೆ. ಆದ್ದರಿಂದ ಕಾನೂನು ಕೇಳದಿದ್ದರೂ ಆರೋಗ್ಯ ವಿಮೆ ಕೊಡುತ್ತಿದ್ದೇವೆಯೇ, ವಾರದ ರಜೆ ಸಿಗುತ್ತಿದೆಯೇ ಎಂಬುದು ವರದಿಯಲ್ಲಿ ಇರಲೇಬೇಕು.

ಖರೀದಿಗೂ ಇದೇ ನಿಯಮ. ಪಕ್ಕದ ಅಂಗಡಿಯ ಟೊಮೆಟೊ ಕೋಲಾರದ್ದಾಗಿರಬಹುದು. ಅಂಗಡಿಯವರ ಲಾಭ ಊರಿನದು, ಬೆಳೆ ಊರಿನದಲ್ಲ. ನಾವು ‘ಸ್ಥಳೀಯ’ ಎಂದರೆ ನಮ್ಮ ತಾಲ್ಲೂಕಿನಲ್ಲಿ ಬೆಳೆದದ್ದು ಎಂದು ಮೊದಲೇ ನಿಗದಿ ಮಾಡಿಕೊಂಡೆವು. ಅಂಕಿ ಕುಗ್ಗಿತು, ಆದರೆ ನಿಜವಾಯಿತು. ಕೇರಳದ ಕುಮರಕೊಂನಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರು ಬೆಳೆದ ತರಕಾರಿಯನ್ನು ಹೋಟೆಲ್‌ಗಳಿಗೆ ಮುಟ್ಟಿಸುವ ವ್ಯವಸ್ಥೆ ಮಾಡಿದರಲ್ಲ, ನಮ್ಮ ಸ್ತ್ರೀಶಕ್ತಿ ಸಂಘಗಳ ಜೊತೆ ಅಂಥದ್ದು ಮಲೆನಾಡಿನಲ್ಲೂ ಆಗಬೇಕೆಂಬ ಆಸೆ ನನಗೆ ಬಹಳ ಇದೆ.

ಏನೇನು ಅಳೆಯಬೇಕು ಎಂದು ತಿಳಿಯದವರಿಗೆ ದಾರಿ ಇದೆ. ಜಿಎಸ್‌ಟಿಸಿ ಎಂಬ ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿಯ ಮಾನದಂಡಗಳು ನಿರ್ವಹಣೆ, ಸ್ಥಳೀಯರ ಬದುಕು, ಸಂಸ್ಕೃತಿ, ಪರಿಸರ ಎಂಬ ನಾಲ್ಕು ಭಾಗದಲ್ಲಿವೆ, ಓದಲು ಉಚಿತ. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವೂ 2014ರಲ್ಲಿ ಭಾರತಕ್ಕೆಂದೇ ಸುಸ್ಥಿರ ಪ್ರವಾಸೋದ್ಯಮದ ಮಾನದಂಡಗಳನ್ನು ಹೊರತಂದಿದೆ. ‘ಜಿಎಸ್‌ಟಿಸಿಯೇ ನಮಗೆ ಸರ್ಟಿಫಿಕೇಟ್ ಕೊಟ್ಟಿದೆ’ ಎಂದು ಯಾರಾದರೂ ಹೇಳಿದರೆ ಮಾತ್ರ ಒಮ್ಮೆ ಪರೀಕ್ಷಿಸಿ. ಆ ಮಂಡಳಿ ನೇರವಾಗಿ ಹೋಟೆಲ್‌ಗಳಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ.

‘ಪರಿಸರಸ್ನೇಹಿ’, ‘ಗ್ರೀನ್’ ಎಂದು ಬೋರ್ಡಿನಲ್ಲಿ ಬರೆದುಕೊಳ್ಳುವುದು ಈಗ ಕಾನೂನಿನ ವಿಷಯವೂ ಹೌದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಇಂಥ ಮಾತುಗಳಿಗೆ ವಿವರಣೆಯೂ ಆಧಾರವೂ ಇರಬೇಕು. ದಿನಾ ತೂಗಿ ಬರೆದ ಪುಸ್ತಕ ಕೈಯಲ್ಲಿದ್ದರೆ ಆ ಆಧಾರಕ್ಕೆ ಹುಡುಕಾಡಬೇಕಿಲ್ಲ.

ನಮ್ಮ ವರದಿ ಒಂದೇ ಹಾಳೆ. ಮುಂಭಾಗ ಕನ್ನಡ, ಹಿಂಭಾಗ ಇಂಗ್ಲಿಷ್. ಈ ವರ್ಷದ ಅಂಕಿ, ಹಿಂದಿನ ವರ್ಷದ ಅಂಕಿ, ಅಳೆದದ್ದು ಹೇಗೆ, ಹದಗೆಟ್ಟದ್ದು ಯಾವುದು, ಅದಕ್ಕೆ ಏನು ಮಾಡಲಿದ್ದೇವೆ. ಅಕ್ಕಪಕ್ಕದ ಮನೆಯವರು ಸ್ಪೀಕರ್ ಸದ್ದಿನ ಬಗ್ಗೆ, ಜೀಪ್ ಓಡಾಟದ ಬಗ್ಗೆ ಕೊಟ್ಟ ದೂರುಗಳೆಷ್ಟು, ಬಗೆಹರಿದವೆಷ್ಟು ಎಂಬುದಕ್ಕೂ ಒಂದು ಸಾಲು. ಒಂದು ಪ್ರತಿ ರಿಸೆಪ್ಷನ್‌ನಲ್ಲಿ, ಒಂದು ಟೂರ್ ಕಂಪನಿಗಳಿಗೆ, ಒಂದು ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಹತ್ತಿರದ ಫಲಕದಲ್ಲಿ, ಒಂದು ಗ್ರಾಮ ಪಂಚಾಯಿತಿಗೆ. ಕೊನೆಯ ಎರಡು ಕಡೆ ಓದುವವರಿಗೆ ಸತ್ಯ ಗೊತ್ತಿರುತ್ತದೆ. ಒಂದು ಅಂಕಿ ತಪ್ಪಾದರೂ ಬಂದು ಕೇಳುತ್ತಾರೆ, ಕೇಳಿದ್ದಾರೆ ಕೂಡ. ಹಾಗಾಗಿ ಮುಂದಿನ ಹಾಳೆಯನ್ನು ಅಚ್ಚಿಗೆ ಕಳಿಸುವ ಮೊದಲು ಸಂಬಳದ ಸಾಲನ್ನು ಲೈನ್ ಮನೆಯವರಿಗೂ ದೂರಿನ ಸಾಲನ್ನು ಪಂಚಾಯಿತಿಯವರಿಗೂ ತೋರಿಸಿ ಒಪ್ಪಿಗೆ ಪಡೆಯುವುದೆಂದು ಮಾಡಿದ್ದೇವೆ.