ಟ್ರೈನಿಂಗ್ ಮುಗಿಸಿ ಬಂದವನ ಮೊದಲ ರಜೆ

ತಮ್ಮ ಸೇನೆಗೆ ಅಗ್ನಿವೀರನಾಗಿ ಸೇರಿ, ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರ್‌ನಲ್ಲಿ ಟ್ರೈನಿಂಗ್ ಮುಗಿಸಿ, ಕಸಂ ಪರೇಡ್ (ಟ್ರೈನಿಂಗ್ ಮುಗಿದಾಗ ಪ್ರಮಾಣ ಮಾಡುವ ಪರೇಡ್) ಆದ ಮೇಲೆ ರಜೆಗೆ ಊರಿಗೆ ಬಂದಿದ್ದ. ಆ ರಜೆ ಹೇಗೆ ಖರ್ಚಾಯಿತು ಅಂತ ಕಣ್ಣಾರೆ ನೋಡಿದೆ. ಮನೆಯಲ್ಲಿ ಇಂಥ ಹುಡುಗ ಇರುವವರೆಲ್ಲ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಬಂದ ಮಾರನೇ ದಿನವೇ ಊರಲ್ಲಿ ಸನ್ಮಾನ. ಆಮೇಲೆ ಶಾಲೆಯಲ್ಲಿ ನಾಲ್ಕು ಮಾತಾಡು ಅಂದರು, ಸೋದರಮಾವನ ಮನೆ ಊಟ, ಅತ್ತೆ ಮನೆ ಊಟ, ಯಾರದೋ ಮದುವೆಗೆ ಯೂನಿಫಾರ್ಮ್‌ನಲ್ಲೇ ಬರಬೇಕು ಅಂತ ಹಟ. ಎಲ್ಲರದೂ ಪ್ರೀತಿನೇ, ಇಲ್ಲ ಅನ್ನಲ್ಲ. ಆದರೆ ಅವನಿಗೆ ಬೇಕಾಗಿದ್ದದ್ದು ನಿದ್ದೆ! ಬೆಳಗ್ಗೆ ನಾಲ್ಕಕ್ಕೆ ಯಾರೂ ಎಬ್ಬಿಸದಿದ್ದರೂ ಎದ್ದು, ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟು, ಏನು ಮಾಡಬೇಕು ಅಂತ ತಿಳಿಯದೆ ಸುಮ್ನೆ ಕೂತಿರುತ್ತಿದ್ದ. ಊಟಕ್ಕೆ ಕೂತರೆ ತಲೆ ಎತ್ತದೆ ಎರಡು ರೊಟ್ಟಿ ಮುಗಿಸಿ ತಟ್ಟೆ ತೊಳೆಯಲು ಎದ್ದುಬಿಡುತ್ತಿದ್ದ. 'ನಿಧಾನ ಉಣ್ಣೋ, ಇಲ್ಲಿ ಯಾರೂ ಸೀಟಿ ಊದಲ್ಲ' ಅಂತ ಅವ್ವ ದಿನಾ ಹೇಳುತ್ತಿದ್ದಳು. ಅವನು ನಿಧಾನವಾಗಿ ಉಣ್ಣಲು ಶುರು ಮಾಡುವ ಹೊತ್ತಿಗೆ ಹೊರಡುವ ದಿನ ಹತ್ತಿರ ಬಂದಿತ್ತು.

ಲೆಕ್ಕ ನೋಡಿ. ಕಾಯಂ ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಜೊತೆಗೆ 30 ದಿನ ಕ್ಯಾಶುಯಲ್ ಲೀವ್. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರನಿಗೆ ವರ್ಷಕ್ಕೆ 30 ದಿನ ಅಷ್ಟೇ. ಕಾಯಿಲೆ ಬಿದ್ದರೆ ಡಾಕ್ಟರ್ ಹೇಳಿದಷ್ಟು ಬೇರೆ. ಮುಂದೆ ಪೋಸ್ಟಿಂಗ್ ಜಮ್ಮು ಕಡೆ ಆದರೆ ರೈಲಿನಲ್ಲಿ ಬರೋಕೇ ಎರಡು ದಿನ ದಾಟುತ್ತೆ. ಟ್ರೈನಿಂಗೂ ಸೇರಿ ಇರುವುದೇ ನಾಲ್ಕು ವರ್ಷದ ನೌಕರಿ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25 ಮಂದಿ. ಈ ಚಿಂತೆಯನ್ನೂ ಅವನು ತಲೆಯಲ್ಲಿ ಹೊತ್ತೇ ಮನೆಗೆ ಬಂದಿರುತ್ತಾನೆ. ಅದಕ್ಕೇ ಒಂದೊಂದು ದಿನವೂ ದೊಡ್ಡದು, ಅಲ್ವಾ?

ಸಾಲ ಕೇಳುವವರಿಗೂ ಒಂದು ಮಾತು. ಮೊದಲ ವರ್ಷ ತಿಂಗಳ ಸಂಬಳ 30,000ದಲ್ಲಿ 9,000, ನಾಲ್ಕು ವರ್ಷ ಮುಗಿದ ಮೇಲೆ ಕೊಡುವ ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21,000. ದಯವಿಟ್ಟು ಅವನನ್ನು ಬಿಟ್ಟುಬಿಡಿ.

ಹಾಗೇ ಅವನ ಫೋಟೋ ಹಾಕಿ ಯೂನಿಟ್ ಯಾವುದು, ಯಾವಾಗ ಹೊರಡುತ್ತಾನೆ ಅಂತ ಸ್ಟೇಟಸ್‌ನಲ್ಲಿ ಬರೆಯಬೇಡಿ. 2020ರಲ್ಲೇ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂತ ಸೈನಿಕರಿಗೆ ಹೇಳಿತ್ತು. ಅವನು ಪಾಲಿಸುವುದನ್ನು ನಾವು ಕೆಡಿಸಬಾರದು.

ಇನ್ನು 'ಜಾತ್ರೆ ಮುಗಿಸ್ಕೊಂಡು ಹೋಗು, ಒಂದು ದಿನ ಲೇಟಾದರೆ ಏನಾಗುತ್ತೆ' ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಆಗುತ್ತೆ. ಸರಿಯಾದ ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಆರ್ಮಿ ಆ್ಯಕ್ಟ್‌ನ 39ನೇ ಸೆಕ್ಷನ್ ಪ್ರಕಾರ ಅಪರಾಧ. ನಿಜವಾಗಿಯೂ ತೊಂದರೆ ಬಂದರೆ ರಜೆ ಮುಗಿಯುವ ಮೊದಲೇ ಯೂನಿಟ್‌ಗೆ ಫೋನ್ ಮಾಡಿ ಕೇಳಬೇಕು. ಉಳಿದಂತೆ, ಅವನು ಬರುವ ದಿನ ಗೊತ್ತಾದ ಕೂಡಲೇ ವಾಪಸ್ ಟಿಕೆಟ್ ರಿಸರ್ವ್ ಮಾಡಿಬಿಡಿ, ಹಬ್ಬದ ಸೀಸನ್‌ನಲ್ಲಂತೂ ಕಾಯಲೇಬೇಡಿ.